ಕೊಂಡು ಬೆಳೆದ ಉಕ್ಕಿನ ಕಂಪನಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಆರ್ಸೆಲರ್ ಮಿತ್ತಲ್ ಎಂಬ ಉಕ್ಕಿನ ಕಂಪನಿಗೆ ಜಮೀನು ಹೋದ, ಬಳ್ಳಾರಿ ಸಮೀಪದ ಕುಡತಿನಿಯ ಭೂಸಂತ್ರಸ್ತ ರೈತರ ಧರಣಿಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ, ಆ ಕಂಪನಿಯು ಕಾರ್ಖಾನೆಗಳನ್ನು ಕಟ್ಟಿ ಬೆಳೆದದ್ದಲ್ಲ, ಕೊಂಡು ಬೆಳೆದದ್ದು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ವಾಕ್ಯವನ್ನೇ ಹಿಡಿದು ಓದುಗರು ಬರೆದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆ ಕೇಳಿದವರು ಹಲವರಿದ್ದುದರಿಂದ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಹುಬ್ಬಳ್ಳಿಯಿಂದ, ವಾಣಿಜ್ಯಶಾಸ್ತ್ರದ ಉಪನ್ಯಾಸಕರೊಬ್ಬರು: ಮಾನ್ಯರೇ, ಸರ್ಕಾರಗಳೇ ನಡೆಸಲಾಗದೆ ಕೈಬಿಟ್ಟ ಕಾರ್ಖಾನೆಗಳನ್ನು ಕೊಂಡು ಒಬ್ಬರು ಲಾಭ ಮಾಡಿದರೆಂದರೆ ಅದರ ಗುಟ್ಟು ಏನು? ಅಗ್ಗದ ಬೆಲೆ ಎನ್ನುವುದಷ್ಟೇ ಉತ್ತರವೇ?

ಅಗ್ಗದ ಬೆಲೆ ಎಂಬುದು ಅರ್ಧ ಉತ್ತರ. ಉಳಿದರ್ಧ ಸಿಗಬೇಕಾದರೆ ಮೊದಲಿನಿಂದ ನೋಡಬೇಕು. ಈ ಕಂಪನಿಯ ಮೊಟ್ಟಮೊದಲ ಕಾರ್ಖಾನೆ ಕೊಂಡದ್ದಲ್ಲ, ಕಟ್ಟಿದ್ದು. ರಾಜಸ್ಥಾನದ ಸಾದುಲ್‌ಪುರ ಮೂಲದ, ಕಲ್ಕತ್ತದಲ್ಲಿ ಉಕ್ಕಿನ ಉದ್ಯಮ ನಡೆಸುತ್ತಿದ್ದ ಕುಟುಂಬದ ಲಕ್ಷ್ಮೀನಿವಾಸ ಮಿತ್ತಲ್ ಅವರು 1976ರಲ್ಲಿ ಇಂಡೋನೇಷ್ಯಾದ ಸುರಬಾಯಾ ಸಮೀಪದ ಸಿದೋಅರ್ಜೊ ಎಂಬಲ್ಲಿ ‘ಇಸ್ಪಾತ್ ಇಂಡೋ’ ಎಂಬ ಕಂಪನಿ ಸ್ಥಾಪಿಸಿದರು. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ತಂತಿಗೆ ಬೇಕಾದ ಸರಳುಗಳನ್ನು ತಯಾರಿಸುವ ಆ ಘಟಕದ ಆರಂಭದ ಸಾಮರ್ಥ್ಯ ವರ್ಷಕ್ಕೆ ಕೇವಲ 65,000 ಟನ್. ಭಾರತದಲ್ಲಿ ಆಗ ದೊಡ್ಡ ಪ್ರಮಾಣದ ಉಕ್ಕು ತಯಾರಿಕೆಯು ಬಹುಮಟ್ಟಿಗೆ ಸಾರ್ವಜನಿಕ ವಲಯಕ್ಕೆ ಮೀಸಲಾಗಿತ್ತು. ಲೈಸೆನ್ಸಿನ ಆ ಕಾಲದಲ್ಲಿ ಬೆಳೆಯಬಯಸಿದ ಖಾಸಗಿಯವರು ಹೊರದೇಶದತ್ತ ನೋಡಿದ್ದು ಸಹಜವೇ.

ಗುಜರಿಯನ್ನೇ ನಂಬಿದ ಕಾರ್ಖಾನೆಗೆ ಗುಜರಿಯ ಬೆಲೆಯ ಏರಿಳಿತವೇ ದೊಡ್ಡ ಕಾಟ. ಅದಕ್ಕೆ ಪರ್ಯಾಯವಾಗಿ ಅವರು ಸ್ಪಾಂಜ್ ಕಬ್ಬಿಣದತ್ತ ತಿರುಗಿದರು. ಅದಿರಿನೊಳಗಿನ ಆಮ್ಲಜನಕವನ್ನು ನೈಸರ್ಗಿಕ ಅನಿಲದಿಂದ ಪಡೆದ ಜಲಜನಕ ಮತ್ತು ಇಂಗಾಲದ ಮಾನಾಕ್ಸೈಡ್‌ಗಳ ಮೂಲಕ ಹೊರತೆಗೆದರೆ, ಅದಿರು ಕರಗದೆಯೇ ರಂಧ್ರರಂಧ್ರವಾದ ಕಬ್ಬಿಣವಾಗಿ ಉಳಿಯುತ್ತದೆ. ಇದಕ್ಕೆ ಕಲ್ಲಿದ್ದಲನ್ನು ಸುಟ್ಟು ಕೋಕ್ ಎಂಬ ಇಂಧನ ಮಾಡುವ ಒಲೆಗಳೂ ಬೇಡ, ಆ ಕೋಕ್‌ನಿಂದ ಅದಿರನ್ನು ಕರಗಿಸುವ ಊದುಕುಲುಮೆಯೂ ಬೇಡ. ಅನಿಲ ಅಗ್ಗವಾಗಿ ಸಿಗುವ ಜಾಗ ಬೇಕು. ಟ್ರಿನಿಡಾಡ್ ಅಂಥ ಜಾಗ. ಅಲ್ಲಿನ ಪಾಯಿಂಟ್ ಲಿಸಾಸ್‌ನಲ್ಲಿ ಸರ್ಕಾರವು ತೈಲದ ಹಣದಿಂದ ಕಟ್ಟಿಸಿ, ಹೊರದೇಶದ ವ್ಯವಸ್ಥಾಪಕರಿಗೆ ಒಪ್ಪಿಸಿಯೂ ನಷ್ಟದಿಂದ ಮೇಲೆತ್ತಲಾಗದ ಕಾರ್ಖಾನೆಯಿಂದ ಇಂಡೋನೇಷ್ಯಾದ ಘಟಕವು ಸ್ಪಾಂಜ್ ಕಬ್ಬಿಣ ತರಿಸಿಕೊಳ್ಳುತ್ತಿತ್ತು. ಮಾಲಿನ ಗುಣವನ್ನು ಗ್ರಾಹಕನಾಗಿ ಬಲ್ಲವರೇ 1989ರಲ್ಲಿ ಆ ಕಾರ್ಖಾನೆಯನ್ನು ಗುತ್ತಿಗೆಗೆ ಹಿಡಿದರು, ಕೆಲವು ವರ್ಷಗಳ ನಂತರ ಕೊಂಡುಕೊಂಡರು. ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ಬೀಜ ಇರುವುದು ಇಲ್ಲಿ.

ಮುಂದಿನ ಖರೀದಿಗಳನ್ನು ಈ ಬೀಜದ ಬೆಳಕಿನಲ್ಲಿ ನೋಡಿ. 1992ರಲ್ಲಿ ಮೆಕ್ಸಿಕೊದ ಲಸಾರೊ ಕಾರ್ದೆನಾಸ್, 1994ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸರ್ಕಾರಿ ಒಡೆತನದ ಸಿಡ್‌ಬೆಕ್ ಡಾಸ್ಕೊ, 1995ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಕಾರ್ಖಾನೆ: ಟ್ರಿನಿಡಾಡನ್ನೂ ಸೇರಿಸಿ ನಾಲ್ಕರಲ್ಲೂ ಸ್ಪಾಂಜ್ ಕಬ್ಬಿಣದ ಘಟಕವಿತ್ತು. ಹೊರಗಿನಿಂದ ನೋಡಿದವರಿಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡಂತೆ ಕಂಡರೂ, ತಮಗೆ ಗೊತ್ತಿದ್ದ ಒಂದೇ ತಂತ್ರಜ್ಞಾನವನ್ನು ಬೇರೆ ಬೇರೆ ಭೂಖಂಡಗಳಲ್ಲಿ ಹುಡುಕಿ ಕೊಂಡ ಕೆಲಸ ಅದಾಗಿತ್ತು. ಭಾರತದ ಉಕ್ಕು ಕಾರ್ಖಾನೆಗಳಲ್ಲಿ ಪಳಗಿದ ಎಂಜಿನಿಯರುಗಳನ್ನು ಈ ಘಟಕಗಳಿಗೆ ಕಳುಹಿಸಿ, ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವ ಅಭ್ಯಾಸವನ್ನೂ ಅವರು ಬೆಳೆಸಿದರು.

ಇನ್ನು ಬೆಲೆಯ ಮಾತು. ತೈಲದ ಸುಗ್ಗಿಯ ಕಾಲದಲ್ಲಿ ಮೆಕ್ಸಿಕೊ ಸರ್ಕಾರವು ಸುಮಾರು 220 ಕೋಟಿ ಡಾಲರ್ ಸುರಿದು ಕಟ್ಟಿಸಿದ ಕಾರ್ಖಾನೆಯು ಸುಮಾರು 22 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅದರಲ್ಲೂ ರೊಕ್ಕವಾಗಿ ಕೊಟ್ಟದ್ದು ಸಣ್ಣ ಭಾಗ, ಉಳಿದದ್ದು ಬಾಂಡುಗಳ ರೂಪದಲ್ಲಿ. ತಾವು ವಾಣಿಜ್ಯಶಾಸ್ತ್ರ ಕಲಿಸುವವರು. ಇದರ ಲೆಕ್ಕ ತಮಗೆ ಬೇಗ ತಿಳಿಯುತ್ತದೆ. 220 ಕೋಟಿಯ ಮೇಲಿನ ಬಡ್ಡಿ ಮತ್ತು ಸವಕಳಿಯನ್ನು ಹೊತ್ತುಕೊಂಡು ನಷ್ಟದಲ್ಲಿ ಕಾಣುವ ಅದೇ ಯಂತ್ರ, ಅದೇ ಕೆಲಸಗಾರರು, 22 ಕೋಟಿಯ ಲೆಕ್ಕ ಪುಸ್ತಕಕ್ಕೆ ಬಂದ ದಿನವೇ ಲಾಭದ ಸಮೀಪಕ್ಕೆ ಬಂದಿರುತ್ತಾರೆ. ನಡುವಿನ 198 ಕೋಟಿ ಮಾಯವಾಗಲಿಲ್ಲ. ಅದನ್ನು ಮೆಕ್ಸಿಕೊದ ಜನ ತೆರಿಗೆಯಾಗಿ ಮತ್ತು ಸಾಲವಾಗಿ ತೆತ್ತರು. ಮಿತ್ತಲ್ ಅವರ ನಿರ್ವಹಣೆಯ ಜಾಣ್ಮೆ ನಿಜವಾದದ್ದು ಎಂದು ನಾನು ಒಪ್ಪುತ್ತೇನೆ. ಆದರೆ ಆ ಜಾಣ್ಮೆ ನಿಂತದ್ದು ಮತ್ತೊಬ್ಬರು ಹಾಕಿದ ಅಡಿಪಾಯದ ಮೇಲೆ ಎನ್ನುವುದನ್ನು ಪಾಠ ಹೇಳುವಾಗ ಬಿಡಬಾರದು ಎಂದು ತಮ್ಮಲ್ಲಿ ವಿನಂತಿ.

ಬೆಂಗಳೂರಿನಿಂದ, ನಿವೃತ್ತ ಗಣಿ ಎಂಜಿನಿಯರ್: ಕಜಕಸ್ತಾನದ ಕಲ್ಲಿದ್ದಲು ಗಣಿಯಲ್ಲಿ 2023ರಲ್ಲಿ ನಡೆದ ದುರಂತದ ನಂತರ ಆ ದೇಶ ಈ ಕಂಪನಿಯನ್ನು ಕಳುಹಿಸಿಬಿಟ್ಟಿತು. ಉಕ್ಕಿನ ಕಂಪನಿಗೆ ಕಲ್ಲಿದ್ದಲು ಗಣಿಗಳು ಏಕೆ ಬೇಕಾಗಿದ್ದವು?

1995ರಲ್ಲಿ ತೆಮಿರ್ತೌ ನಗರದ ಕಾರ್ಮೆಟ್ ಕಾರ್ಖಾನೆಯನ್ನು ಕೊಂಡಾಗ ಕಂಪನಿಯು ಹಳೆಯ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಇದು ಅನಿಲದ ಕಾರ್ಖಾನೆಯಲ್ಲ. ಕಲ್ಲಿದ್ದಲು, ಕೋಕ್, ಊದುಕುಲುಮೆಗಳ ಸೋವಿಯತ್ ಕಾಲದ ದೈತ್ಯ. ಮುಂದೆ ಆ ದೇಶದ ಅಧ್ಯಕ್ಷರಾದ ನೂರ್‌ಸುಲ್ತಾನ್ ನಜರ್‌ಬಾಯೆವ್ ಯೌವನದಲ್ಲಿ ಕೆಲಸಗಾರರಾಗಿ ದುಡಿದದ್ದು ಇದೇ ಕಾರ್ಖಾನೆಯಲ್ಲಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಗಿರಾಕಿಗಳು ಚದುರಿಹೋಗಿ, ತಿಂಗಳುಗಟ್ಟಲೆ ಸಂಬಳ ಬಾಕಿಯಾಗಿ, ಹಣದ ಬದಲು ಸರಕಿನ ವಿನಿಮಯದಲ್ಲಿ ವ್ಯವಹಾರ ನಡೆಯುತ್ತಿದ್ದ ಕಾಲವದು. ಕೋಕ್‌ಗೆ ಕಲ್ಲಿದ್ದಲು ಕೊಡಬೇಕಾದ ಕರಗಂಡಾ ಗಣಿಗಳ ಸ್ಥಿತಿಯೂ ಹಾಗೆಯೇ ಇತ್ತು. ಗಣಿ ನಿಂತರೆ ಕುಲುಮೆಯೂ ನಿಲ್ಲುತ್ತದೆ. ಆದ್ದರಿಂದ ಮರು ವರ್ಷ ಗಣಿಗಳನ್ನೂ ಕಂಪನಿ ವಶಕ್ಕೆ ತೆಗೆದುಕೊಂಡಿತು. ಮನೆಗಳಿಗೆ ಚಳಿಗಾಲದಲ್ಲಿ ಬಿಸಿನೀರು ಹರಿಸುವ ವಿದ್ಯುತ್ ಸ್ಥಾವರವೂ, ಊರಿನ ಟ್ರಾಮ್ ಸೇವೆಯೂ ಕಾರ್ಖಾನೆಯ ಜೊತೆಗೇ ಬಂದವು. ಸೋವಿಯತ್ ಪದ್ಧತಿಯಲ್ಲಿ ಕಾರ್ಖಾನೆ ಮತ್ತು ಊರು ಎರಡು ಬೇರೆ ವಸ್ತುಗಳಾಗಿರಲಿಲ್ಲ.

ಖರೀದಿ ಫಲ ಕೊಟ್ಟಿತು ಎಂಬುದರಲ್ಲಿ ಸಂಶಯವಿಲ್ಲ. ಪಕ್ಕದಲ್ಲೇ ಚೀನಾದ ಮಾರುಕಟ್ಟೆ ತೆರೆಯುತ್ತಿತ್ತು, ಸಂಬಳ ನಿಯಮಿತವಾಗಿ ಸಿಗತೊಡಗಿತು, ಗಣಿಯಿಂದ ಕುಲುಮೆಯವರೆಗೆ ಎಲ್ಲವೂ ಒಂದೇ ಕೈಯಲ್ಲಿದ್ದುದರಿಂದ ಉಕ್ಕಿನ ವೆಚ್ಚ ಬಹಳ ಕಡಿಮೆಯಾಗಿತ್ತು. ಅದಿರು ಮತ್ತು ಕಲ್ಲಿದ್ದಲನ್ನು ಸ್ವಂತದ್ದಾಗಿಸಿಕೊಳ್ಳಬೇಕೆಂಬ ಧೋರಣೆ ಕಂಪನಿಯಲ್ಲಿ ಬೇರೂರಿದ್ದು ಇಲ್ಲಿಂದಲೇ ಇರಬೇಕು ಎಂದು ನನಗೆ ತೋರುತ್ತದೆ.

ಆದರೆ ಗಣಿಗಳನ್ನು ಬಲ್ಲ ತಮಗೆ ಕರಗಂಡಾ ಕಲ್ಲಿದ್ದಲಿನ ಪದರಗಳಲ್ಲಿ ಮೀಥೇನ್ ಅನಿಲ ಎಷ್ಟು ದಟ್ಟವಾಗಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಲೆನಿನ್ ಹೆಸರಿನ ಗಣಿಯಲ್ಲಿ 41 ಮಂದಿ ಸತ್ತರು. 2023ರ ಅಕ್ಟೋಬರ್ 28ರಂದು ಕೊಸ್ತೆಂಕೊ ಗಣಿಯಲ್ಲಿ 46 ಮಂದಿ ಸತ್ತರು. ಇವೆರಡರ ನಡುವೆ ಮತ್ತೆ ಮತ್ತೆ ಸಾವುಗಳು ಸಂಭವಿಸಿದವು. ಕೊಸ್ತೆಂಕೊ ದುರಂತದ ದಿನವೇ ಅಧ್ಯಕ್ಷ ತೊಕಾಯೆವ್ ಕಂಪನಿಯೊಂದಿಗಿನ ಹೂಡಿಕೆ ಸಹಕಾರವನ್ನು ನಿಲ್ಲಿಸುವುದಾಗಿ ಘೋಷಿಸಿದರು. ಡಿಸೆಂಬರ್ ಹೊತ್ತಿಗೆ ಕಾರ್ಖಾನೆ ಮತ್ತು ಗಣಿಗಳು ಕಜಕಸ್ತಾನದ ಹೂಡಿಕೆದಾರರ ಕೈ ಸೇರಿ ‘ಕಾರ್ಮೆಟ್’ ಎಂಬ ಹಳೆಯ ಹೆಸರಿಗೆ ಮರಳಿದವು. ಗಣಿಗಳು ಹಳೆಯವು, ಅಪಾಯಕಾರಿಯಾದವು ಎಂಬುದು ಕೊಂಡ ಹೊಸತರಲ್ಲಿ ಒಪ್ಪಬಹುದಾದ ಸಮಜಾಯಿಷಿ. 28 ವರ್ಷ ಲಾಭ ಪಡೆದ ನಂತರ ಅದನ್ನು ನಾನು ಒಪ್ಪಲಾರೆ.

ಮೈಸೂರಿನಿಂದ, ಎಂ.ಬಿ.ಎ. ವಿದ್ಯಾರ್ಥಿನಿ: 2006ರಲ್ಲಿ ಯುರೋಪಿನ ಆರ್ಸೆಲರ್ ಕಂಪನಿಯನ್ನು ಕೊಂಡದ್ದು ಭಾರತೀಯರಿಗೆ ಹೆಮ್ಮೆಯ ವಿಷಯವೆಂದು ನಮ್ಮ ಪಠ್ಯದಲ್ಲಿದೆ. ಆ ಖರೀದಿ ನಿಜವಾಗಿ ಫಲಿಸಿತೇ?

ಆ ಹೊತ್ತಿಗೆ ಅಗ್ಗದ ಖರೀದಿಯ ಕಾಲ ಮುಗಿದಿತ್ತು. 1998ರಲ್ಲಿ ಅಮೆರಿಕದ ಇನ್‌ಲ್ಯಾಂಡ್ ಸ್ಟೀಲ್‌ಗೆ ಸುಮಾರು 143 ಕೋಟಿ ಡಾಲರ್ ಕೊಟ್ಟಿದ್ದ ಕಂಪನಿಯು, 2004ರಲ್ಲಿ ಅಲ್ಲಿನದೇ ಇಂಟರ್‌ನ್ಯಾಷನಲ್ ಸ್ಟೀಲ್ ಗ್ರೂಪ್‌ಗೆ 450 ಕೋಟಿ ಡಾಲರ್ ಒಪ್ಪಿಕೊಂಡಿತು. ಈ ಎರಡನೆಯ ಖರೀದಿಯ ಹಿಂದೆ ಒಂದು ಕಹಿ ಸಂಗತಿಯಿದೆ. ವಿಲ್ಬರ್ ರಾಸ್ ಎಂಬ ಹೂಡಿಕೆದಾರರು ದಿವಾಳಿಯಾದ ಬೆಥ್ಲೆಹೆಮ್ ಸ್ಟೀಲ್, ಎಲ್.ಟಿ.ವಿ. ಮುಂತಾದವುಗಳ ಕಾರ್ಖಾನೆಗಳನ್ನು ಪಿಂಚಣಿಯ ಹೊರೆಯಿಲ್ಲದೆ ಒಟ್ಟುಗೂಡಿಸಿದ್ದರು. ಪಿಂಚಣಿಯ ಹೊರೆ ಸರ್ಕಾರಿ ವಿಮಾ ಸಂಸ್ಥೆಯ ಪಾಲಾಯಿತು, ನಿವೃತ್ತರ ಆರೋಗ್ಯ ವಿಮೆ ಇಲ್ಲವಾಯಿತು. ಆ ಹಗುರಾದ ಕಂಪನಿಯನ್ನು ಮಿತ್ತಲ್ ಕೊಂಡರು.

2005ರ ಅಕ್ಟೋಬರ್‌ನಲ್ಲಿ ಉಕ್ರೇನಿನ ಕ್ರಿವೊರಿಜ್‌ಸ್ಟಾಲ್‌ಗಾಗಿ ನಡೆದ ಹರಾಜು ದೂರದರ್ಶನದಲ್ಲಿ ನೇರವಾಗಿ ಪ್ರಸಾರವಾಯಿತು. ಹಿಂದಿನ ವರ್ಷವಷ್ಟೇ ಅಧ್ಯಕ್ಷ ಕುಚ್ಮಾ ಅವರ ಅಳಿಯ ಪಾಲುದಾರರಾಗಿದ್ದ ಕೂಟಕ್ಕೆ ಸುಮಾರು 80 ಕೋಟಿ ಡಾಲರ್‌ಗೆ ಹೋಗಿದ್ದ ಕಾರ್ಖಾನೆಯನ್ನು ಚುನಾವಣಾ ಅಕ್ರಮದ ವಿರುದ್ಧ ಜನ ಬೀದಿಗಿಳಿದ ಕಿತ್ತಳೆ ಕ್ರಾಂತಿಯ ನಂತರದ ಸರ್ಕಾರ ಹಿಂಪಡೆದು ಮರುಹರಾಜು ಹಾಕಿತ್ತು. ಮಿತ್ತಲ್ ಕೊಟ್ಟ ಬೆಲೆ 480 ಕೋಟಿ ಡಾಲರ್. ಬಹಿರಂಗ ಹರಾಜಿಗೂ ಒಳಗೊಳಗಿನ ಮಾರಾಟಕ್ಕೂ ಇರುವ ಅಂತರ ಸಾರ್ವಜನಿಕ ಬೊಕ್ಕಸಕ್ಕೆ ಎಷ್ಟಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆರ್ಸೆಲರ್ ಕೂಡ ಕೂಡಿಕೆಯಿಂದಲೇ ಹುಟ್ಟಿದ್ದು: ಫ್ರಾನ್ಸಿನ ಯುಸಿನಾರ್, ಲಕ್ಸೆಂಬರ್ಗ್‌ನ ಆರ್ಬೆಡ್, ಸ್ಪೇನಿನ ಅಸೆರಾಲಿಯಾ 2002ರಲ್ಲಿ ಒಂದಾಗಿ ಅದು ರೂಪುಗೊಂಡಿತ್ತು. 2006ರ ಜನವರಿ 27ರಂದು ಮಿತ್ತಲ್ ಅದಕ್ಕೆ 1,860 ಕೋಟಿ ಯೂರೊ ಬೆಲೆ ಕೂಗಿದಾಗ ಅದರ ಮುಖ್ಯಸ್ಥ ಗೀ ದೊಲೆ, ತಮ್ಮ ಉಕ್ಕು ಸುಗಂಧದ್ರವ್ಯವಾದರೆ ಮಿತ್ತಲ್ ಅವರದು ಅಗ್ಗದ ಕೊಲೋನ್ ನೀರು ಎಂಬರ್ಥದ ಮಾತನ್ನಾಡಿದರು. ಕೆನಡಾದ ಡೊಫಾಸ್ಕೊ ಘಟಕವನ್ನು ಡಚ್ ಟ್ರಸ್ಟೊಂದರಲ್ಲಿ ಬೀಗ ಹಾಕಿಟ್ಟು, ರಷ್ಯಾದ ಸೆವೆರ್‌ಸ್ಟಾಲ್ ಜೊತೆ ಕೂಡಿಕೊಳ್ಳುವ ಒಪ್ಪಂದವನ್ನೂ ಮಾಡಿಕೊಂಡು ಆಡಳಿತ ಮಂಡಳಿ ತಡೆಯೊಡ್ಡಿತು. ಬೆಲೆ ಏರಿದಂತೆ ಷೇರುದಾರರ ಮನಸ್ಸು ತಿರುಗಿತು. ಜೂನ್ ತಿಂಗಳಲ್ಲಿ ಸುಮಾರು 2,690 ಕೋಟಿ ಯೂರೊಗೆ ಒಪ್ಪಂದ ಕುದುರಿತು. ಐದು ತಿಂಗಳಲ್ಲಿ ಏರಿದ ಬೆಲೆಯನ್ನು ಗಮನಿಸಿ. 3,20,000 ಉದ್ಯೋಗಿಗಳಿದ್ದ, ವಿಶ್ವದ ಉಕ್ಕಿನಲ್ಲಿ ಸುಮಾರು ಹತ್ತನೆಯ ಒಂದು ಭಾಗವನ್ನು ತಯಾರಿಸುವ ಕಂಪನಿ ಹೀಗೆ ಹುಟ್ಟಿತು. ತಮ್ಮ ಪಠ್ಯದ ಹೆಮ್ಮೆಯ ಬಗ್ಗೆ ಒಂದು ಮಾತು: ಮಿತ್ತಲ್ ಭಾರತೀಯರು ನಿಜ, ಆದರೆ ಕಂಪನಿಯ ಕೇಂದ್ರ ಕಚೇರಿ ಇರುವುದು ಲಕ್ಸೆಂಬರ್ಗ್‌ನಲ್ಲಿ, ಆ ದಿನಗಳಲ್ಲಿ ಭಾರತದಲ್ಲಿ ಅದರದೊಂದು ಉಕ್ಕಿನ ಕಾರ್ಖಾನೆಯೂ ಇರಲಿಲ್ಲ. ಕುಟುಂಬದ ಭಾರತೀಯ ವ್ಯವಹಾರವು 1990ರ ದಶಕದ ಮಧ್ಯದಲ್ಲೇ ಸೋದರರ ಪಾಲಿಗೆ ಹೋಗಿತ್ತು.

ಫಲಿಸಿತೇ ಎಂದು ಕೇಳಿದ್ದೀರಿ. ಗಾತ್ರ ದೊಡ್ಡದಾದರೆ ಉಕ್ಕಿನ ಬೆಲೆಯ ಮೇಲೆ ಹಿಡಿತ ಸಿಗುತ್ತದೆ ಎಂಬುದು ಖರೀದಿಯ ಹಿಂದಿನ ವಾದವಾಗಿತ್ತು. ಅದು ನಿಲ್ಲಲಿಲ್ಲ. 2008ರ ಬಿಕ್ಕಟ್ಟಿನಲ್ಲಿ ಬೇಡಿಕೆ ಕುಸಿಯಿತು, ಚೀನಾದ ಉತ್ಪಾದನೆ ಎಲ್ಲರನ್ನೂ ಮೀರಿ ಬೆಳೆಯಿತು. ಯುರೋಪಿನ ಘಟಕಗಳಿಗೆ ಆಸ್ತಿಯ ಬೆಲೆಗಿಂತ ಮೇಲೆ ಕೊಟ್ಟಿದ್ದ ಹೆಚ್ಚುವರಿ ಮೌಲ್ಯದಲ್ಲಿ (ಗುಡ್‌ವಿಲ್) 430 ಕೋಟಿ ಡಾಲರನ್ನು 2012ರಲ್ಲಿ ಲೆಕ್ಕ ಪುಸ್ತಕದಿಂದ ತೆಗೆದುಹಾಕಬೇಕಾಯಿತು. 2015ರಲ್ಲಿ ನಷ್ಟ ಸುಮಾರು 790 ಕೋಟಿ ಡಾಲರ್ ಮುಟ್ಟಿತು. ಫ್ರಾನ್ಸಿನ ಫ್ಲೊರಾಂಜ್ ಪಟ್ಟಣದಲ್ಲಿ ಎರಡು ಊದುಕುಲುಮೆಗಳನ್ನು ಕಾಯಂ ಆಗಿ ನಿಲ್ಲಿಸಲು ಹೊರಟಾಗ ಸಚಿವ ಮೊಂತ್‌ಬೂರ್ ಕಾರ್ಖಾನೆಯನ್ನು ರಾಷ್ಟ್ರೀಕರಿಸುವ ಮಾತನ್ನಾಡಿದರು. ಆದರೂ 2013ರ ಏಪ್ರಿಲ್‌ನಲ್ಲಿ ಕುಲುಮೆಗಳು ಆರಿದವು. 2016ರಲ್ಲಿ ಟ್ರಿನಿಡಾಡಿನ ಕಾರ್ಖಾನೆಯೇ ಮುಚ್ಚಿ 600ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. 2020ರಲ್ಲಿ ಇನ್‌ಲ್ಯಾಂಡ್ ಮತ್ತು ಬೆಥ್ಲೆಹೆಮ್‌ಗಳ ಕಾರ್ಖಾನೆಗಳನ್ನೂ ಒಳಗೊಂಡ ಅಮೆರಿಕದ ಬಹುಪಾಲು ವ್ಯವಹಾರವನ್ನು ಕ್ಲೀವ್‌ಲ್ಯಾಂಡ್ ಕ್ಲಿಫ್ಸ್ ಕಂಪನಿಗೆ ಸುಮಾರು 140 ಕೋಟಿ ಡಾಲರ್‌ಗೆ ಮಾರಿದರು. ಅಲ್ಲಿನ ಪಿಂಚಣಿ ಮುಂತಾದ ಹೊಣೆಗಳನ್ನೂ ಕೊಂಡವರೇ ಹೊತ್ತುಕೊಂಡರು. ಕಂಪನಿ ಉಳಿದಿದೆ, ಸಾಲ ಇಳಿಸಿಕೊಂಡು ಗಟ್ಟಿಯಾಗಿಯೇ ಇದೆ. ಆದರೆ 2006ರ ಬೆಲೆ ದುಬಾರಿಯಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಕಟದಲ್ಲಿರುವವರಿಂದ ಕೊಳ್ಳುವುದರಲ್ಲಿ ಪಳಗಿದ್ದ ಕಂಪನಿಯು, ಆರೋಗ್ಯವಂತ ಕಂಪನಿಯೊಂದನ್ನು ಮಾರುಕಟ್ಟೆಯ ಏರುಗಾಲದಲ್ಲಿ ಕೊಂಡಿತು.

ಭದ್ರಾವತಿಯಿಂದ, ಅಲ್ಲಿನ ವಿ.ಐ.ಎಸ್.ಎಲ್. (ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ) ಕಾರ್ಮಿಕರ ಕುಟುಂಬದವರು: ಜಗತ್ತಿನಲ್ಲೆಲ್ಲ ಮುಳುಗುವ ಕಾರ್ಖಾನೆಗಳನ್ನು ಕೊಳ್ಳುವವರಿದ್ದರೆ ನಮ್ಮ ಕಾರ್ಖಾನೆಗೆ ಯಾರೂ ಏಕೆ ಬರಲಿಲ್ಲ?

ತಮ್ಮ ನೋವು ನನಗೆ ಅರ್ಥವಾಗುತ್ತದೆ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಕೊಳ್ಳುವವರು ನೋಡುವುದು ಯಂತ್ರವನ್ನಲ್ಲ. ಅದರ ಜೊತೆಗೆ ಅಗ್ಗದ ಅನಿಲವೋ, ಗಣಿಯೋ, ಬಂದರೋ, ದೊಡ್ಡ ಪ್ರಮಾಣದ ಉತ್ಪಾದನೆಯೋ ಸಿಗುತ್ತದೆಯೇ ಎಂಬುದನ್ನು. 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆ ನಿಂತಿದ್ದು ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲಿನ ಮೇಲೆ. ಆ ಎರಡೂ ಆಧಾರಗಳು ಹೋದ ಮೇಲೆ ಉಳಿದದ್ದು ವಿಶೇಷ ಉಕ್ಕು ತಯಾರಿಸುವ ಕುಶಲ ಕೈಗಳು ಮತ್ತು ಸಣ್ಣ ಪ್ರಮಾಣದ ಹಳೆಯ ಸ್ಥಾವರ. 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿಯಾದ ಸೇಲ್ ಸಂಸ್ಥೆಯ ಅಧೀನಕ್ಕೆ ಬಂದು 1998ರಲ್ಲಿ ಅದರಲ್ಲಿ ವಿಲೀನವಾದದ್ದೂ ಒಂದು ಬಗೆಯ ಸ್ವಾಧೀನವೇ. ಆದರೆ ಸೇಲ್‌ನ ಭಿಲಾಯಿ, ಬೊಕಾರೊಗಳ ಮುಂದೆ ಭದ್ರಾವತಿಗೆ ಬಂಡವಾಳದ ಸರದಿ ಬರಲೇ ಇಲ್ಲ. 2019ರಲ್ಲಿ ಮಾರಾಟಕ್ಕೆ ಆಹ್ವಾನ ಕೊಟ್ಟು, ಸಾಕಷ್ಟು ಆಸಕ್ತಿ ಕಾಣದೆ 2022ರಲ್ಲಿ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಹೋರಾಟದ ನಂತರ ರೋಲಿಂಗ್ ಕೆಲಸ ಭಾಗಶಃ ಮರಳಿತು, ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅವರು ಪುನಶ್ಚೇತನದ ಭರವಸೆಯನ್ನೂ ಕೊಟ್ಟಿದ್ದಾರೆ. ಕಾರ್ಖಾನೆಗೆ ಮೀಸಲಾದ ಅದಿರಿನ ಗಣಿಯನ್ನು ನಡೆಯುವ ಸ್ಥಿತಿಗೆ ತಾರದೆ ಯಾವ ಭರವಸೆಯೂ ನಿಲ್ಲುವುದಿಲ್ಲ. ಕೊಳ್ಳುವವರು ಖಾಸಗಿಯವರಾಗಲಿ, ಉಳಿಸಿಕೊಳ್ಳುವವರು ಸರ್ಕಾರದವರಾಗಲಿ, ಮೊದಲು ಕೇಳಬೇಕಾದದ್ದು ಅದನ್ನೇ.

ಬಳ್ಳಾರಿಯಿಂದ, ಕುಡತಿನಿ ಸಮೀಪದ ರೈತರು: ನಮ್ಮ ಜಮೀನು ಪಡೆದ ಈ ಕಂಪನಿ ಗುಜರಾತಿನಲ್ಲಿ ಕಾರ್ಖಾನೆ ನಡೆಸುತ್ತಿದೆ. ಇಲ್ಲಿ ಮಾತ್ರ ಏಕೆ ಕಟ್ಟಲಿಲ್ಲ? ಕಟ್ಟದಿದ್ದರೆ ಜಮೀನು ನಮಗೆ ವಾಪಸ್ ಸಿಗುತ್ತದೆಯೇ?

2010ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ, ವರ್ಷಕ್ಕೆ 60 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆಗೆ 30,000 ಕೋಟಿ ರೂಪಾಯಿ ಹೂಡುವ ಒಪ್ಪಂದವಾಯಿತು. ಕೆ.ಐ.ಎ.ಡಿ.ಬಿ. (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ ಎರಡೂವರೆ ಸಾವಿರ ಎಕರೆಗೂ ಹೆಚ್ಚು ಜಮೀನು ಕಂಪನಿಯ ಕೈ ಸೇರಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದಿರಿನ ಭರವಸೆಯೂ ಹೋಯಿತು, ಜಗತ್ತಿನ ಉಕ್ಕಿನ ಮಾರುಕಟ್ಟೆಯೂ ಕುಸಿದಿತ್ತು. ಒಡಿಶಾದ ಕೆಂದುಝರ್‌ನಲ್ಲಿ ಕಟ್ಟಬೇಕಾಗಿದ್ದ ಕಾರ್ಖಾನೆಯನ್ನು ಅದೇ ಕಂಪನಿ 2013ರಲ್ಲಿ ಕೈಬಿಟ್ಟಿತು. ಕೊನೆಗೆ ಅದು ಭಾರತದಲ್ಲಿ ಕಾಲೂರಿದ್ದು ತನಗೆ ಅಭ್ಯಾಸವಾದ ದಾರಿಯಲ್ಲೇ: ದಿವಾಳಿಯಾದ ಎಸ್ಸಾರ್ ಸ್ಟೀಲ್‌ನ ಹಜೀರಾ ಕಾರ್ಖಾನೆಯನ್ನು ಜಪಾನಿನ ನಿಪ್ಪಾನ್ ಸ್ಟೀಲ್ ಜೊತೆಗೂಡಿ 2019ರ ಡಿಸೆಂಬರ್‌ನಲ್ಲಿ ಸುಮಾರು 42,000 ಕೋಟಿ ರೂಪಾಯಿಗೆ ಕೊಂಡಿತು. ಹರಾಜಿನಲ್ಲಿ ಭಾಗವಹಿಸುವ ಅರ್ಹತೆ ಪಡೆಯಲು, ತಾನು ಪಾಲು ಹೊಂದಿದ್ದ ಉತ್ತಮ್ ಗಾಲ್ವಾ ಮತ್ತು ಕೆ.ಎಸ್.ಎಸ್. ಪೆಟ್ರಾನ್ ಕಂಪನಿಗಳ 7,000 ಕೋಟಿ ರೂಪಾಯಿಗೂ ಮೀರಿದ ಬಾಕಿಯನ್ನು ತೀರಿಸಲೂ ಅದು ಸಿದ್ಧವಾಯಿತು. ಹಜೀರಾದಲ್ಲಿ ಬಂದರಿದೆ, ಅನಿಲದಿಂದ ನಡೆಯುವ ಸ್ಪಾಂಜ್ ಕಬ್ಬಿಣದ ಘಟಕಗಳಿವೆ, ಟ್ರಿನಿಡಾಡಿನಲ್ಲಿ ಕಲಿತದ್ದು ಅಲ್ಲಿ ಹಾಗೇ ಬಳಕೆಗೆ ಬರುತ್ತದೆ. ಈಗ ಹೊಸದಾಗಿ ಕಟ್ಟುವ ಯೋಜನೆಯನ್ನೂ ಅದು ಆಂಧ್ರದ ಅನಕಾಪಲ್ಲಿ ಜಿಲ್ಲೆಯ ಕರಾವಳಿಗೆ ಒಯ್ದಿದೆ.

ಜಮೀನಿನ ಮಾತಿಗೆ ಬಂದರೆ, ಐದು ವರ್ಷ ಬಳಸದೆ ಉಳಿದ ಜಮೀನನ್ನು ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂಬ್ಯಾಂಕಿಗೆ ಮರಳಿಸುವ ಅವಕಾಶ 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯ 101ನೇ ಕಲಮಿನಲ್ಲಿದೆ. ತಮ್ಮ ಜಮೀನು ಸ್ವಾಧೀನವಾದದ್ದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಆದ್ದರಿಂದ ಕೇಂದ್ರ ಕಾಯ್ದೆಯ ಆ ಕಲಮು ನೇರವಾಗಿ ನೆರವಿಗೆ ಬಾರದು. ತಮ್ಮ ಕೈಯಲ್ಲಿರುವ ದಾರಿ ಮಂಡಳಿಯ ಹಂಚಿಕೆ ಪತ್ರ ಮತ್ತು ಗುತ್ತಿಗೆ ಕರಾರಿನದು. ಇಂಥ ಕರಾರುಗಳಲ್ಲಿ ಇಷ್ಟು ಅವಧಿಯೊಳಗೆ ಯೋಜನೆ ಜಾರಿಯಾಗಬೇಕು, ಆಗದಿದ್ದರೆ ಮಂಡಳಿ ಜಮೀನನ್ನು ಹಿಂಪಡೆಯಬಹುದು ಎಂಬ ಷರತ್ತು ಇರುವುದು ರೂಢಿ. ಆ ಪತ್ರಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಯೋಜನೆಗೆ ಎಷ್ಟು ಬಾರಿ ಅವಧಿ ವಿಸ್ತರಿಸಲಾಗಿದೆ, ಯಾವ ಕಾರಣ ಕೊಡಲಾಗಿದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. 2022ರ ಡಿಸೆಂಬರ್‌ನಿಂದ ಧರಣಿ ಕುಳಿತವರು ಕೇಳುತ್ತಿರುವುದು ನ್ಯಾಯವಾದ ಬೆಲೆ, ಕಾರ್ಖಾನೆ ಮತ್ತು ಉದ್ಯೋಗ, ಇಲ್ಲವಾದರೆ ಜಮೀನು. ಕಂಪನಿಯಿಂದ ಕಾಲಮಿತಿಯ ಲಿಖಿತ ಒಪ್ಪಿಗೆ ಪಡೆಯುವ, ಅದು ಬಾರದಿದ್ದರೆ ಹಂಚಿಕೆ ರದ್ದುಪಡಿಸುವ ಅಧಿಕಾರ ರಾಜ್ಯ ಸರ್ಕಾರ ಮತ್ತು ಮಂಡಳಿಯ ಕೈಯಲ್ಲಿದೆ. ಮಂಡಳಿಯ ಉತ್ತರ ಕೈಸೇರಿದ ಮೇಲೆ ಅದರ ಪ್ರತಿಯನ್ನು ನಮಗೂ ಕಳುಹಿಸಿ. ಇದೇ ಅಂಕಣದಲ್ಲಿ ಅದನ್ನು ಚರ್ಚೆಗೆ ಎತ್ತಿಕೊಳ್ಳುತ್ತೇನೆ.